ಭಾನುವಾರ ಆದಾಮ, ಸೋಮವಾರ ಡಾರ್ವಿನ್: ಮಕ್ಕಳಿಗೆ ಏನು ಹೇಳುತ್ತೀರಿ?

ಕಾಳಿದಂಡೆ (ಕಾರವಾರ)
ಎಲ್ಲರಿಗೂ ನಮಸ್ಕಾರ. ನಾವು ಕೊಂಕಣಿ ಕ್ಯಾಥೊಲಿಕರು. ಭಾನುವಾರ ಪೂಜೆ ಮುಗಿದ ಮೇಲೆ ಚಿಕ್ಕ ಮಕ್ಕಳಿಗೆ ನಾನು ಧರ್ಮೋಪದೇಶ ಹೇಳಿಕೊಡುತ್ತೇನೆ. ಮಗಳು ಸೆಕೆಂಡ್ ಪಿಯು ಸೈನ್ಸ್. ಬಯಾಲಜಿಯಲ್ಲಿ ವಿಕಾಸದ ಪಾಠ ಶುರುವಾಗಿದೆ. ಮೊನ್ನೆ ಕೇಳಿದಳು: "ಅಮ್ಮಾ, ನೀನು ಚಿಕ್ಕವರಿಗೆ ಆರು ದಿನದ ಸೃಷ್ಟಿ ಹೇಳುತ್ತೀಯಲ್ಲ, ಅವರು ಪಿಯುಗೆ ಬಂದಾಗ ಅದು ಹಾಗಲ್ಲ ಅಂತ ಯಾರು ಹೇಳಬೇಕು? ನೀನಾ, ಲೆಕ್ಚರರಾ?"

"ಎರಡೂ ಸರಿ" ಅಂತ ಸುಮ್ನೆ ಹೇಳಿ ಜಾರಿಕೊಳ್ಳಲು ಆಗುವುದಿಲ್ಲ. ಎರಡೂ ಹೇಗೆ ಸರಿ ಅಂತ ಮರುಕ್ಷಣವೇ ಕೇಳುತ್ತಾಳೆ. ಇನ್ನೊಂದು ಕಡೆ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ "ಡಾರ್ವಿನ್ ಸಾಯುವಾಗ ಪಶ್ಚಾತ್ತಾಪಪಟ್ಟು ಬೈಬಲ್ ಓದಿದ" ಅಂತ ವಿಡಿಯೋ ಬಂದಿದೆ. ಅತ್ತಿಗೆ ಅದನ್ನು ಮಗಳಿಗೆ ಬೇರೆಯಾಗಿ ಕಳಿಸಿದ್ದಾರೆ. ನೀವೆಲ್ಲ ಮನೆಯಲ್ಲಿ ಏನು ಹೇಳುತ್ತೀರಿ? ಬೇರೆ ಧರ್ಮದವರೂ ಹೇಳಿ. ಜಗಳ ಮಾತ್ರ ಬೇಡ.

ಕರಿಇಶಾಡ (ಅಂಕೋಲಾ)
"ಜಗಳ ಬೇಡ" ಅಂತ ಬರೆದಿರಲ್ಲ ಅಕ್ಕಾ, ಈಗ ಗ್ಯಾರಂಟಿ.

ಜೀವಶಾಸ್ತ್ರ ಮೇಷ್ಟ್ರು (ಕುಮಟಾ)
ಮೊದಲು ಆ ವಿಡಿಯೋ ವಿಷಯ. ಡಾರ್ವಿನ್ ತೀರಿಕೊಂಡದ್ದು 1882ರಲ್ಲಿ. ಪಶ್ಚಾತ್ತಾಪದ ಕಥೆ ಅಮೆರಿಕದ ಒಂದು ಧಾರ್ಮಿಕ ಪತ್ರಿಕೆಯಲ್ಲಿ ಅಚ್ಚಾದದ್ದು 1915ರಲ್ಲಿ. ಹೇಳಿದವರು ಲೇಡಿ ಹೋಪ್ ಎಂಬ ಪ್ರಚಾರಕಿ. ಡಾರ್ವಿನ್‌ರ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಇದನ್ನು ಸಾರಾಸಗಟಾಗಿ ಅಲ್ಲಗಳೆದರು. ಅಪ್ಪ ಸಾಯುವಾಗ ಪಕ್ಕದಲ್ಲಿದ್ದದ್ದು ತಾನು, ಆ ಹೆಂಗಸಲ್ಲ ಅಂದರು. ನೂರು ವರ್ಷ ದಾಟಿದ ಗಾಳಿಸುದ್ದಿ ಈಗ ವಾಟ್ಸಾಪಿಗೆ ಬಂದಿದೆ, ಅಷ್ಟೇ. ಡಾರ್ವಿನ್ ನಾಸ್ತಿಕ ಅಂತಲೂ ಹೇಳಿಕೊಂಡವರಲ್ಲ. ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವ ಪೈಕಿ. ಪಾದ್ರಿಯಾಗಲೆಂದು ಕೇಂಬ್ರಿಜ್‌ಗೆ ಹೋಗಿದ್ದವರು. ಸತ್ತ ಮೇಲೆ ಹೂಳಿದ್ದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಅಂದರೆ ಚರ್ಚಿನೊಳಗೇ.

ಇನ್ನೊಂದು ಮಾತು. ಎನ್‌ಸಿಇಆರ್‌ಟಿ 10ನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವನ್ನೇ ತೆಗೆದುಹಾಕಿದೆ. "ಅನುವಂಶೀಯತೆ ಮತ್ತು ವಿಕಾಸ" ಅಂತ ಇದ್ದ ಪಾಠದಲ್ಲಿ ಅನುವಂಶೀಯತೆ ಮಾತ್ರ ಉಳಿದಿದೆ. 12ರಲ್ಲಿ ಬಯಾಲಜಿ ತೆಗೆದುಕೊಂಡವರಿಗೆ ಮಾತ್ರ ಡಾರ್ವಿನ್ ಸಿಗುತ್ತಾರೆ. ನಿಮ್ಮ ಮಗಳಿಗೆ ಪ್ರಶ್ನೆಯಾದರೂ ಹುಟ್ಟಿತು. ಕಾಮರ್ಸ್ ಮಕ್ಕಳಿಗೆ ಅದೂ ಇಲ್ಲ.

ವಚನವೇ ದೀಪ (ದಾಂಡೇಲಿ)
ಅಕ್ಕಾ, ನಾವು ಪೆಂತೆಕೋಸ್ತ್ ಸಭೆಯವರು. ನಮ್ಮ ಮನೆಯಲ್ಲಿ ಉತ್ತರ ಸರಳ. ದೇವರು ಆರು ದಿನದಲ್ಲಿ ಉಂಟುಮಾಡಿದರು ಅಂತ ಬರೆದಿದೆ, ಹಾಗೇ ನಂಬುತ್ತೇವೆ. ಪರೀಕ್ಷೆಗೆ ಏನು ಬೇಕೋ ಅದನ್ನು ಬರೆಯಲಿ. ಮಂಗನಿಂದ ಮನುಷ್ಯ ಆದ ಅಂದರೆ ಕತ್ತಲೇಕಾನಿನ ಕಾಡಿನಲ್ಲಿ ಸಿಂಗಳೀಕ ಇನ್ನೂ ಯಾಕೆ ಸಿಂಗಳೀಕವಾಗಿಯೇ ಇದೆ?

ಕರಿಇಶಾಡ (ಅಂಕೋಲಾ)
ನನ್ನ ಚಿಕ್ಕಪ್ಪನ ಮಗ ಇನ್ನೂ ಗೋವಾದಲ್ಲೇ ಇದ್ದಾನೆ. ಹಾಗಾದರೆ ನಾನು ಅಂಕೋಲೆಯಲ್ಲಿ ಹೇಗೆ ಹುಟ್ಟಿದೆ ಮಾರಾಯ್ರೆ?

ಜೀವಶಾಸ್ತ್ರ ಮೇಷ್ಟ್ರು (ಕುಮಟಾ)
ಕರಿಇಶಾಡ ನಗಿಸಲು ಹೇಳಿದರೂ ಉತ್ತರ ಅದೇ. ಸಿಂಗಳೀಕದಿಂದ ನಾವು ಬಂದೆವು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಸಿಂಗಳೀಕಕ್ಕೂ ನಮಗೂ ಒಬ್ಬನೇ ಪೂರ್ವಜ ಇದ್ದದ್ದು ಸುಮಾರು ಎರಡೂವರೆ-ಮೂರು ಕೋಟಿ ವರ್ಷದ ಹಿಂದೆ. ಚಿಂಪಾಂಜಿ ದಾರಿ ಬೇರೆಯಾಗಿ ಅರವತ್ತು-ಎಪ್ಪತ್ತು ಲಕ್ಷ ವರ್ಷ ಆಗಿರಬೇಕು.

ಪುರಾವೆ ಬೇಕಾದರೆ ಒಂದೇ ಹೇಳುತ್ತೇನೆ. ನಮಗೆ 23 ಜೊತೆ ವರ್ಣತಂತು, ಚಿಂಪಾಂಜಿ, ಗೊರಿಲ್ಲಾಗಳಿಗೆ 24. ಒಂದು ಜೊತೆ ಎಲ್ಲಿ ಹೋಯಿತು? ನಮ್ಮ ಎರಡನೇ ವರ್ಣತಂತು ನೋಡಿದರೆ ಎರಡು ತಂತು ತುದಿಗೆ ತುದಿ ಅಂಟಿಕೊಂಡ ಗುರುತು ನಡುವೆ ಕಾಣುತ್ತದೆ. ತುದಿಯಲ್ಲಿ ಇರಬೇಕಾದ ಡಿಎನ್‌ಎ ಸಾಲು ಮಧ್ಯದಲ್ಲಿದೆ.

ಗಜನಿ ಗದ್ದೆ (ಮಾಣಿಕಟ್ಟಾ)
ವರ್ಣತಂತು ಎಲ್ಲ ನನಗೆ ತಿಳಿಯುವುದಿಲ್ಲ. ಕಗ್ಗ ಗೊತ್ತು. ಅಘನಾಶಿನಿ ಅಳಿವೆಯ ಗಜನಿಯಲ್ಲಿ ಉಪ್ಪು ನೀರು ನುಗ್ಗಿದರೂ ಬದುಕುವ ಭತ್ತ ಅದೊಂದೇ. ಬೇರೆ ತಳಿ ಹಾಕಿ ನೋಡಿ, ಎಲೆ ತುದಿ ಕೆಂಪಾಗಿ ಸುಟ್ಟ ಹಾಗೆ ಆಗಿ ಮಲಗುತ್ತದೆ. ಕಗ್ಗ ನೆರೆ ನೀರಿನ ಮೇಲೆ ತಲೆ ಎತ್ತಿ ನಿಲ್ಲುತ್ತದೆ. ಇದನ್ನು ಯಾವ ವಿಜ್ಞಾನಿಯೂ ಮಾಡಿಕೊಟ್ಟಿಲ್ಲ. ಉಪ್ಪಿಗೆ ಸತ್ತದ್ದು ಸತ್ತಿತು, ಉಳಿದದ್ದರ ಬೀಜವನ್ನೇ ಹಿರಿಯರು ಮುಂದಿನ ವರ್ಷ ಬಿತ್ತಿದರು. ಎಷ್ಟು ತಲೆಮಾರೋ. ಡಾರ್ವಿನ್ ಹೇಳಿದ್ದೂ ಇದೇ ತಾನೆ?

ಜೀವಶಾಸ್ತ್ರ ಮೇಷ್ಟ್ರು (ಕುಮಟಾ)
ಇದೇ. 1859ರ ಪುಸ್ತಕದ ಮೊದಲ ಅಧ್ಯಾಯವೇ ಸಾಕಿದ ಪ್ರಾಣಿ, ಬೆಳೆದ ಗಿಡಗಳ ಬಗ್ಗೆ. ಪಾರಿವಾಳ ಸಾಕುವವರ ಜೊತೆ ಕೂತು ಕಲಿತವರು ಅವರು. ನಿಮ್ಮಲ್ಲಿ ಆರಿಸುವುದು ಉಪ್ಪು ಮತ್ತು ರೈತ, ಕಾಡಿನಲ್ಲಿ ಉಪ್ಪು ಮಾತ್ರ.

ವಚನವೇ ದೀಪ (ದಾಂಡೇಲಿ)
ಕಗ್ಗ ಇವತ್ತಿಗೂ ಭತ್ತವೇ ಅಲ್ವಾ? ರಾಗಿ ಆಯಿತಾ? ಒಂದು ಜಾತಿಯ ಒಳಗೆ ಬದಲಾವಣೆ ಆಗುವುದನ್ನು ನಾವೂ ಒಪ್ಪುತ್ತೇವೆ. "ಆಯಾ ಜಾತಿಗನುಸಾರವಾಗಿ" ಅಂತ ಬೈಬಲ್ ಹೇಳುತ್ತದೆ. ಜಾತಿ ದಾಟಿದ್ದನ್ನು ತೋರಿಸಿ.

ಬೈತಖೋಲ್ ಬೋಟು (ಕಾರವಾರ)
ನಾನು ಮೀನಿನವ, ಓದಿದ್ದು ಕಮ್ಮಿ. ನೋಡಿದ್ದು ಹೇಳುತ್ತೇನೆ. ಬಂಗಡೆ, ತಾರಲೆ, ಯಾವ ಮೀನು ತೆಗೆದುಕೊಂಡರೂ ಬಾಲ ನಿಂತಿರುತ್ತದೆ, ಎಡಕ್ಕೂ ಬಲಕ್ಕೂ ಬೀಸುತ್ತದೆ. ಡಾಲ್ಫಿನ್ ಬಾಲ ಮಲಗಿರುತ್ತದೆ, ಮೇಲೆ ಕೆಳಗೆ ಹೊಡೆಯುತ್ತದೆ. ಉಸಿರಿಗೆ ಮೇಲೆ ಬರುತ್ತದೆ, ಮರಿಗೆ ಹಾಲು ಕೊಡುತ್ತದೆ. ನೀರಿನಲ್ಲೇ ಇರಲಿ ಅಂತ ಹೊಸದಾಗಿ ಮಾಡಿದ್ದಾದರೆ ಕಿವಿರು ಯಾಕೆ ಕೊಡಲಿಲ್ಲ ಅಂತ ನನಗೆ ಮೊದಲಿಂದ ಒಂದು ಅನುಮಾನ.

ಲೆಪೊ ಇನ್ನೂ ವಿಚಿತ್ರ. ಮಂಗಳೂರು ಕಡೆ ನಂಗು ಅನ್ನುತ್ತಾರೆ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ಎರಡು ಪಕ್ಕಕ್ಕೆ ಎರಡು ಕಣ್ಣು. ಬೆಳೆಯುತ್ತ ಒಂದು ಕಣ್ಣು ತಲೆ ಸುತ್ತಿ ಆ ಕಡೆಗೆ ಹೋಗಿ ಸೇರುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಆಮೇಲೆ ಜೀವನವಿಡೀ ಮರಳ ಮೇಲೆ ಒಂದೇ ಮಗ್ಗುಲು. ಕೆಳಗಿನ ಪಕ್ಕ ಬಿಳಿ, ಮೇಲಿನದು ಮಣ್ಣಿನ ಬಣ್ಣ. ಹಾಗೇ ಚಪ್ಪಟೆಯಾಗಿ ಮಾಡುವುದು ಬಿಟ್ಟು ಇಷ್ಟೆಲ್ಲ ಸುತ್ತು ಯಾಕೆ?

ಬರೆದು ಬರೆದು ಹಸಿವಾಯಿತು. ಲೆಪೊಗೆ ರವೆ ಹಚ್ಚಿ ಹುರಿದರೆ ಮಾತ್ರ ಯಾವ ಅನುಮಾನವೂ ಉಳಿಯುವುದಿಲ್ಲ.

ಜೀವಶಾಸ್ತ್ರ ಮೇಷ್ಟ್ರು (ಕುಮಟಾ)
ಬೋಟಿನವರೇ, ನಾಳೆ ನನ್ನ ಕ್ಲಾಸಿಗೆ ಬನ್ನಿ. ತಿಮಿಂಗಿಲ, ಡಾಲ್ಫಿನ್‌ಗಳ ಪೂರ್ವಜರು ನೆಲದ ಮೇಲೆ ಓಡಾಡಿದ ನಾಲ್ಕು ಕಾಲಿನ ಪ್ರಾಣಿಗಳು. ಓಡುವಾಗ ಬೆನ್ನು ಮೇಲೆ ಕೆಳಗೆ ಬಾಗುತ್ತದಲ್ಲ, ಬಾಲ ಹೊಡೆಯುವುದರಲ್ಲಿ ಅದೇ ಉಳಿದಿದೆ. ವಚನವೇ ದೀಪ ಅವರು ಜಾತಿ ದಾಟಿದ್ದನ್ನು ಕೇಳಿದರು. ತಿಮಿಂಗಿಲದ ಹತ್ತಿರದ ನೆಂಟ ಇಂಡೋಹಯಸ್ ಸಿಕ್ಕಿದ್ದು ಜಮ್ಮು-ಕಾಶ್ಮೀರದ ಕಲ್ಲುಗಳಲ್ಲಿ, ಆಮೇಲಿನ ಹಂತಗಳು ಪಾಕಿಸ್ತಾನ ಮತ್ತು ಕಛ್‌ನಲ್ಲಿ. ಸುಮಾರು ಐದು ಕೋಟಿ ವರ್ಷ ಹಳೆಯವು. ಇವತ್ತಿಗೂ ತಿಮಿಂಗಿಲದ ಮೈಯೊಳಗೆ ಸೊಂಟದ ಮೂಳೆಯ ತುಂಡು ಇದೆ.

ಬೆಟ್ಟದ ಭಟ್ಟ (ಶಿರಸಿ)
ನಮ್ಮವರಿಗೆ ಈ ತಲೆಬಿಸಿಯೇ ಇಲ್ಲ ನೋಡಿ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ. ನೀರು, ನೀರು-ನೆಲ, ನೆಲ, ಅರ್ಧ ಮನುಷ್ಯ. ಡಾರ್ವಿನ್‌ಗಿಂತ ಮೊದಲೇ ಹೇಳಿಟ್ಟಿದ್ದಾರೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು 454 ಕೋಟಿ.

ಪುರಾವೆ ಕೊಡಿ (ಕಾರವಾರ)
ಶುರುವಾಯಿತು. ವರಾಹನಿಂದ ನರಸಿಂಹ ಹುಟ್ಟಿದನಾ? ಅವತಾರಕ್ಕೂ ಸಂತತಿಗೂ ಏನು ಸಂಬಂಧ? ಉತ್ತರ ಗೊತ್ತಾದ ಮೇಲೆ ಹಳೇ ಕಥೆಯಲ್ಲಿ ಹುಡುಕಿದರೆ ಎಲ್ಲರಿಗೂ ಏನೋ ಒಂದು ಸಿಗುತ್ತದೆ. ತಲೆಬಿಸಿ ಇಲ್ಲ ಅಂದಿರಿ, 2018ರಲ್ಲಿ ಕೇಂದ್ರದ ಒಬ್ಬ ಮಂತ್ರಿ ಡಾರ್ವಿನ್ ತಪ್ಪು, ಮಂಗ ಮನುಷ್ಯ ಆದದ್ದನ್ನು ನಮ್ಮ ಹಿರಿಯರು ಯಾರೂ ನೋಡಿಲ್ಲ ಅಂದರಲ್ಲ? ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಿಗೆ ಹೇಳಿಕೆ ಕೊಡಬೇಕಾಯಿತು. ಆ ಮಂತ್ರಿ ಕ್ರೈಸ್ತರಾಗಿರಲಿಲ್ಲ.

ಬೆಟ್ಟದ ಭಟ್ಟ (ಶಿರಸಿ)
ಮಂತ್ರಿ ಹೇಳಿದ್ದಕ್ಕೆ ನಾನು ಜವಾಬ್ದಾರನಾ? ಸರಿ, ಅವತಾರ ಬಿಡಿ. ಯಾಣ ತಗೊಳ್ಳಿ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಕಲ್ಲು ಕಪ್ಪು ಅಂತ ಅಜ್ಜಿ ಹೇಳಿದ್ದು. ಸುಣ್ಣಕಲ್ಲು, ಮಳೆ ನೀರು ಕರಗಿಸಿ ಕರಗಿಸಿ ಈ ಆಕಾರ ಬಂತು ಅಂತ ಕಾಲೇಜಿನಲ್ಲಿ ಕಲಿತದ್ದು. ಶಿವರಾತ್ರಿಗೆ ಹೋಗುತ್ತೇನೆ, ಭೈರವೇಶ್ವರ ಶಿಖರದ ಬುಡದಲ್ಲಿ ನಿಲ್ಲುತ್ತೇನೆ, ಎರಡೂ ನೆನಪಾಗುತ್ತವೆ. ಯಾವುದನ್ನೂ ಬಿಡಬೇಕು ಅಂತ ಅನಿಸಿಲ್ಲ. ಕಾಳಿದಂಡೆ ಅಕ್ಕನ ಮಗಳಿಗೂ ಅಷ್ಟೇ ಹೇಳಿದರೆ ಆಯಿತಲ್ಲ.

ವಚನವೇ ದೀಪ (ದಾಂಡೇಲಿ)
ಭಟ್ಟರೇ, ಬೇಜಾರಾಗಬೇಡಿ. ಭಸ್ಮಾಸುರ ನಿಜವಾಗಿ ಇರದಿದ್ದರೆ ನಿಮಗೆ ಏನೂ ನಷ್ಟವಿಲ್ಲ. ಆದಾಮ ಇರದಿದ್ದರೆ ನಮಗೆ ನಷ್ಟ ಇದೆ. ರೋಮಾಪುರದವರಿಗೆ ಬರೆದ ಪತ್ರ, 5ನೇ ಅಧ್ಯಾಯ ಓದಿ. ಒಬ್ಬ ಮನುಷ್ಯನಿಂದ ಪಾಪ ಲೋಕಕ್ಕೆ ಬಂತು, ಪಾಪದಿಂದ ಮರಣ ಬಂತು, ಇನ್ನೊಬ್ಬ ಮನುಷ್ಯನಿಂದ ಬಿಡುಗಡೆ ಬಂತು ಅಂತ ಪೌಲ ಹೇಳುತ್ತಾನೆ. ಮೊದಲ ಆದಾಮ ಕಥೆಯಾದರೆ ಯೇಸುಸ್ವಾಮಿ ಯಾವುದರಿಂದ ಬಿಡಿಸಿದರು? ಮನುಷ್ಯ ಬರುವ ಮೊದಲೇ ಕೋಟಿಗಟ್ಟಲೆ ವರ್ಷ ಪ್ರಾಣಿಗಳು ಸಾಯುತ್ತಿದ್ದವು ಅಂದರೆ ಮರಣ ಪಾಪದ ಫಲ ಹೇಗಾಗುತ್ತದೆ? ಆರು ದಿನ ಬೇಕಾದರೆ ಆರು ಯುಗ ಮಾಡಿಕೊಳ್ಳಿ. ಇದಕ್ಕೆ ಉತ್ತರ ಕೊಡಿ.

ಪುರಾವೆ ಕೊಡಿ (ಕಾರವಾರ)
ಮೊದಲ ಸಲ ಇವರ ಮಾತು ಒಪ್ಪುತ್ತೇನೆ. ಪ್ರಶ್ನೆ ಸರಿಯಾಗಿದೆ. ಉತ್ತರ: ಎರಡೂ ಹೊಂದುವುದಿಲ್ಲ, ಆದ್ದರಿಂದ ಒಂದನ್ನು ಬಿಡಿ.

ಸೆಮಿನರಿ ಬಿಟ್ಟವ (ಹೊನ್ನಾವರ)
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕೆಲವು ವರ್ಷ ಸೆಮಿನರಿಯಲ್ಲಿದ್ದೆ, ಆಮೇಲೆ ಬಿಟ್ಟೆ. ಈಗ ಹಾರ್ಡ್‌ವೇರ್ ಅಂಗಡಿ. ನಂಬಿಕೆ ಬಿಟ್ಟಿಲ್ಲ.

ಅಕ್ಕಾ, ಮೊದಲು ನಿಮ್ಮ ಪ್ರಶ್ನೆಗೆ. ಕ್ಯಾಥೊಲಿಕ್ ಚರ್ಚು ಈ ವಿಷಯದಲ್ಲಿ ನಿಮ್ಮ ವಾಟ್ಸಾಪ್ ಗ್ರೂಪಿಗಿಂತ ಎಷ್ಟೋ ಮುಂದಿದೆ. 1950ರಲ್ಲೇ ಪೋಪ್ ಹನ್ನೆರಡನೇ ಪಿಯುಸ್, ಮನುಷ್ಯನ ದೇಹ ಮೊದಲಿದ್ದ ಜೀವಿಗಳಿಂದ ಬಂದಿರಬಹುದೇ ಅಂತ ವಿದ್ವಾಂಸರು ವಿಚಾರ ಮಾಡಲಿ, ಅಡ್ಡಿಯಿಲ್ಲ, ಆತ್ಮ ಮಾತ್ರ ನೇರ ದೇವರಿಂದ ಅಂದರು. 1996ರಲ್ಲಿ ಪೋಪ್ ಎರಡನೇ ಜಾನ್ ಪೌಲ್, ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಅಂತ ಬರೆದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ಆದಿಕಾಂಡ ಓದುವಾಗ ದೇವರನ್ನು ಮಂತ್ರದಂಡ ಹಿಡಿದ ಜಾದೂಗಾರ ಅಂದುಕೊಳ್ಳುವ ಅಪಾಯವಿದೆ ಅಂದರು. ಇದು ಯಾವುದೂ ಗುಟ್ಟಲ್ಲ. ಆದರೆ ಭಾನುವಾರದ ಪ್ರಸಂಗದಲ್ಲಿ ಇದನ್ನು ಹೇಳಿದ್ದು ನಾನಂತೂ ಕೇಳಿಲ್ಲ. ನನ್ನ ಸಿಟ್ಟು ಅದರ ಮೇಲೆ. ಜನ ವಿಡಿಯೋ ನೋಡದೆ ಏನು ಮಾಡುತ್ತಾರೆ?

ಆರು ದಿನವನ್ನು ಗಡಿಯಾರದ ದಿನ ಅಂತ ಓದದೇ ಇರುವುದು ಡಾರ್ವಿನ್‌ಗೆ ಹೆದರಿ ಶುರುವಾದದ್ದಲ್ಲ. ಮೂರನೇ ಶತಮಾನದಲ್ಲಿ ಒರಿಜೆನ್ ಎಂಬ ಕ್ರೈಸ್ತ ಪಂಡಿತ ಕೇಳಿದ: ಸೂರ್ಯ ನಾಲ್ಕನೇ ದಿನ ಆದದ್ದಾದರೆ ಮೊದಲ ಮೂರು ದಿನ ಸಂಜೆ-ಬೆಳಗು ಎಲ್ಲಿಂದ ಬಂತು? ಸಂತ ಅಗಸ್ಟೀನರು, ಭೂಮಿ ಆಕಾಶದ ವಿಷಯ ಚೆನ್ನಾಗಿ ಬಲ್ಲ ಅನ್ಯರ ಮುಂದೆ ಬೈಬಲ್ ಹಿಡಿದು ತಪ್ಪು ಮಾತಾಡಿ ನಗೆಪಾಟಲಾಗಬೇಡಿ ಅಂತ ಸುಮಾರು 1600 ವರ್ಷದ ಹಿಂದೆಯೇ ಎಚ್ಚರಿಸಿದರು. ಇನ್ನು ಭೂಮಿಗೆ ಆರು ಸಾವಿರ ವರ್ಷ ಅನ್ನುವ ಲೆಕ್ಕ ಬೈಬಲಿನಲ್ಲಿ ಎಲ್ಲೂ ಬರೆದಿಲ್ಲ. ವಂಶಾವಳಿ ಕೂಡಿಸಿ ಕ್ರಿ.ಪೂ. 4004 ಅಂತ ಇಟ್ಟವರು ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್, 1650ರಲ್ಲಿ.

ಸುಮ್ಮನೆ ಆದಿಕಾಂಡದ 1 ಮತ್ತು 2ನೇ ಅಧ್ಯಾಯ ಅಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಗಿಡ, ಪ್ರಾಣಿ, ಕೊನೆಗೆ ಮನುಷ್ಯ. ಎರಡರಲ್ಲಿ ಗಿಡ ಮೊಳೆಯುವ ಮೊದಲೇ ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿ. ಇವೆರಡನ್ನೂ ಪಕ್ಕಪಕ್ಕ ಉಳಿಸಿಕೊಂಡವರಿಗೆ ವ್ಯತ್ಯಾಸ ಕಾಣಲಿಲ್ಲವಾ? ಕಂಡೇ ಕಾಣುತ್ತದೆ. ಅವರು ವರದಿ ಬರೆಯುತ್ತಿರಲಿಲ್ಲ, ಅಷ್ಟೇ. 1ನೇ ಅಧ್ಯಾಯದಲ್ಲೇ ಇನ್ನೊಂದು ಮಾತಿದೆ. ಜೀವಜಂತುಗಳನ್ನು ಭೂಮಿಯೇ ಹುಟ್ಟಿಸಲಿ ಅಂತ ದೇವರು ಭೂಮಿಗೆ ಹೇಳುತ್ತಾರೆ. ನನಗೆ ಅದು ವಿಕಾಸಕ್ಕೆ ಬಾಗಿಲು ಮುಚ್ಚಿದ ಹಾಗೆ ಕಾಣುವುದಿಲ್ಲ.

ಈಗ ವಚನವೇ ದೀಪ ಅವರ ಪ್ರಶ್ನೆ. ಗಂಟು ಇರುವುದು ಅಲ್ಲೇ, ಒಪ್ಪುತ್ತೇನೆ. ಆದರೆ ಒಂದು ನೋಡಿ. ಹಣ್ಣು ತಿಂದ ದಿನವೇ ಸಾಯುವೆ ಅಂತ ದೇವರು ಹೇಳಿದ್ದು. ಆದಾಮ ತಿಂದ. 930 ವರ್ಷ ಬದುಕಿದ ಅಂತ 5ನೇ ಅಧ್ಯಾಯದಲ್ಲಿದೆ. ಹಾಗಾದರೆ ಅವತ್ತು ಸತ್ತದ್ದು ಯಾವುದು? ದೇವರ ಜೊತೆಗಿನ ಬಾಳು. ಪೌಲನ ಮಾತಿನಲ್ಲಿರುವ ಮರಣವನ್ನೂ ನಾನು ಹಾಗೇ ಓದುತ್ತೇನೆ.

ವಚನವೇ ದೀಪ (ದಾಂಡೇಲಿ)
ಚೆನ್ನಾಗಿ ಹೇಳಿದಿರಿ, ಆದರೂ ಒಪ್ಪಲಾರೆ. ಆದಿಕಾಂಡ 1:30ರಲ್ಲಿ ಪ್ರಾಣಿಗಳಿಗೆ ಹಸಿರು ಪಲ್ಯೆಯನ್ನೇ ಆಹಾರ ಕೊಟ್ಟದ್ದು. ಒಂದನ್ನೊಂದು ಕೊಂದು ತಿನ್ನುವುದು ಆಮೇಲೆ ಬಂತು. ಮತ್ತೆ, ಇದು ಕಥೆ ಅಂದರೆ ಯೇಸುಸ್ವಾಮಿಯ ಪುನರುತ್ಥಾನವೂ ಕಥೆಯಾ? ಗೆರೆ ಎಲ್ಲಿ ಎಳೆಯುತ್ತೀರಿ?

ಸೆಮಿನರಿ ಬಿಟ್ಟವ (ಹೊನ್ನಾವರ)
ಕೀರ್ತನೆ 104 ನೋಡಿ. ಸಿಂಹದ ಮರಿಗಳು ಬೇಟೆಗಾಗಿ ಗರ್ಜಿಸುತ್ತ ದೇವರಲ್ಲಿ ಆಹಾರ ಕೇಳುತ್ತವೆ. ಇದು ಸೃಷ್ಟಿಯನ್ನು ಹೊಗಳುವ ಕೀರ್ತನೆ, ಶಾಪದ ಮಾತೇ ಅಲ್ಲಿಲ್ಲ. ಅದೇ ಕೀರ್ತನೆಯಲ್ಲಿ ಭೂಮಿ ಎಂದೂ ಕದಲದ ಹಾಗೆ ಅಸ್ತಿವಾರದ ಮೇಲಿದೆ ಅಂತಲೂ ಇದೆ. ಭೂಮಿ ತಿರುಗುತ್ತದೆ ಅಂತ ನೀವೂ ಒಪ್ಪುತ್ತೀರಿ ಅಲ್ವಾ? ಗೆರೆ ನೀವೂ ಎಳೆದಿದ್ದೀರಿ, ಬೇರೆ ಜಾಗದಲ್ಲಿ. ಗೆಲಿಲಿಯೊ ವಿಷಯದಲ್ಲಿ ನಮ್ಮ ಚರ್ಚು 1633ರಲ್ಲಿ ಎಳೆದ ಗೆರೆ ಸರಿಯಲ್ಲ ಅಂತ 1992ರಲ್ಲಿ ಹೇಳಿತು.

ಪುನರುತ್ಥಾನಕ್ಕೆ ಕಂಡವರ ಹೆಸರು ಕೊಡುತ್ತಾನೆ ಪೌಲ, ಕೇಫ, ಯಾಕೋಬ ಅಂತ. ಸೃಷ್ಟಿಯನ್ನು ಕಂಡವರು ಯಾರೂ ಇಲ್ಲ. ಎರಡೂ ಒಂದೇ ಬಗೆಯ ಬರಹ ಅಲ್ಲ.

ಪುರಾವೆ ಕೊಡಿ (ಕಾರವಾರ)
ಸೆಮಿನರಿಯವರೇ, ನಿಮ್ಮ ಪಿಯುಸ್ ಅದೇ 1950ರಲ್ಲಿ ಇನ್ನೊಂದು ಮಾತೂ ಹೇಳಿದ್ದಾರೆ. ಎಲ್ಲ ಮನುಷ್ಯರೂ ಒಬ್ಬ ಆದಾಮನ ಸಂತತಿ ಅನ್ನುವುದನ್ನು ಬಿಡಬೇಡಿ ಅಂತ. ಅದನ್ನು ಯಾಕೆ ಬಿಟ್ಟಿರಿ? ಜೀನ್ ಲೆಕ್ಕದಲ್ಲಿ ನಮ್ಮ ಪೂರ್ವಜರ ಗುಂಪು ಇಬ್ಬರಿಗೆ ಇಳಿದ ಕುರುಹು ಇಲ್ಲ. ಸಾವಿರಗಳ ಲೆಕ್ಕದಲ್ಲೇ ಇತ್ತು.

ಇನ್ನು ದೊಡ್ಡ ಪ್ರಶ್ನೆ. ಕಣಜದ ಜಾತಿಯ ಒಂದು ಹುಳ ಬೇರೆ ಹುಳದ ಜೀವಂತ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಅದನ್ನು ಒಳಗಿಂದ ತಿನ್ನುತ್ತವೆ. ಕರುಣೆಯುಳ್ಳ ದೇವರು ಬೇಕೆಂದೇ ಇದನ್ನು ಮಾಡಿದ ಅಂತ ನನಗೆ ನಂಬಲು ಆಗುತ್ತಿಲ್ಲ ಅಂತ ಡಾರ್ವಿನ್ 1860ರಲ್ಲಿ ಏಸಾ ಗ್ರೇಗೆ ಬರೆದರು.

ಸೆಮಿನರಿ ಬಿಟ್ಟವ (ಹೊನ್ನಾವರ)
ಬಿಟ್ಟದ್ದಲ್ಲ, ಉದ್ದವಾಯಿತು ಅಂತ ನಿಲ್ಲಿಸಿದೆ. ಹೌದು, ಹಾಗೆ ಹೇಳಿದ್ದಾರೆ. ಅದು ಇನ್ನೂ ಬಿಡಿಸದ ಗಂಟು. ಈಗಿನ ಧರ್ಮೋಪದೇಶ ಗ್ರಂಥದ 390ನೇ ಪರಿಚ್ಛೇದ, ಪತನದ ಕಥೆಯ ಭಾಷೆ ರೂಪಕದ್ದು, ಆದರೆ ಮನುಷ್ಯನ ಚರಿತ್ರೆಯ ಆದಿಯಲ್ಲಿ ನಡೆದ ಒಂದು ನಿಜ ಘಟನೆಯನ್ನು ಹೇಳುತ್ತದೆ ಅನ್ನುತ್ತದೆ. ಆ ಸಾವಿರಾರು ಜನರಲ್ಲಿ ಇಬ್ಬರನ್ನು ದೇವರು ಕರೆದರು ಅಂತ ಕೆಲವರು ಬಿಡಿಸುತ್ತಾರೆ. ತಮ್ಮನನ್ನು ಕೊಂದ ಕಾಯಿನ "ಕಂಡವರು ನನ್ನನ್ನು ಕೊಲ್ಲುತ್ತಾರೆ" ಅಂತ ಹೆದರುತ್ತಾನಲ್ಲ, ಯಾರು ಆ ಕಂಡವರು? ಹೆಂಡತಿ ಎಲ್ಲಿಂದ ಬಂದಳು?

ಕಣಜದ ಪ್ರಶ್ನೆಗೆ ನನ್ನ ಬಳಿ ಚೆಂದದ ಉತ್ತರ ಇಲ್ಲ. ಆದರೆ ಆರು ದಿನದಲ್ಲಿ ಆದರೂ ಅದೇ ಪ್ರಶ್ನೆ, ಕೋಟಿ ವರ್ಷದಲ್ಲಿ ಆದರೂ ಅದೇ. ಡಾರ್ವಿನ್ ತಂದ ಪ್ರಶ್ನೆಯಲ್ಲ, ಬೈಬಲಿನಲ್ಲಿ ನೋವುಂಡ ಯೋಬನ ಪ್ರಶ್ನೆ. ಆ ಪತ್ರ ಪಡೆದ ಏಸಾ ಗ್ರೇ ಹಾರ್ವರ್ಡಿನ ಸಸ್ಯಶಾಸ್ತ್ರಜ್ಞ, ದೈವಭಕ್ತ ಕ್ರೈಸ್ತ. ಅಮೆರಿಕದಲ್ಲಿ ಡಾರ್ವಿನ್ ಪರ ಗಟ್ಟಿಯಾಗಿ ನಿಂತವರೂ ಅವರೇ.

ದಮಾಮಿ (ಯಲ್ಲಾಪುರ)
ನಾನು ಸಿದ್ದಿ, ಆಫ್ರಿಕಾ ಮೂಲದವರು ನಾವು. ಕ್ರೈಸ್ತ. ನೀವೆಲ್ಲ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ. ಆ ಚಿತ್ರ ಇದೆಯಲ್ಲ, ಬಾಗಿದ ಮಂಗ, ಆಮೇಲೆ ಸ್ವಲ್ಪ ನೆಟ್ಟಗೆ, ಕೊನೆಗೆ ಬಿಳಿ ಮನುಷ್ಯ ನಡೆದುಕೊಂಡು ಹೋಗುವುದು. ಶಾಲೆಯ ಗೋಡೆಯ ಮೇಲೆ ಅದನ್ನು ತೂಗುಹಾಕಿದ್ದರು. ಮಧ್ಯದ ಕಪ್ಪು ಆಕೃತಿ ತೋರಿಸಿ ನನ್ನ ಹೆಸರು ಹೇಳಿ ನಗುತ್ತಿದ್ದರು. ಮೇಷ್ಟ್ರೂ ತಡೆಯಲಿಲ್ಲ. ನನಗೆ ಡಾರ್ವಿನ್ ಅಂದರೆ ಮೈ ಉರಿಯುತ್ತಿದ್ದದ್ದು ಬೈಬಲ್ ಕಾರಣಕ್ಕಲ್ಲ.

ಜೀವಶಾಸ್ತ್ರ ಮೇಷ್ಟ್ರು (ಕುಮಟಾ)
ಆ ಚಿತ್ರ ವಿಜ್ಞಾನವಾಗಿಯೂ ತಪ್ಪು. ವಿಕಾಸ ಸಾಲಿನಲ್ಲಿ ನಡೆಯುವುದಿಲ್ಲ, ಕವಲೊಡೆಯುತ್ತದೆ. ನನ್ನ ಲ್ಯಾಬಿನಲ್ಲಿ ಅದನ್ನು ಹಾಕಲು ಬಿಟ್ಟಿಲ್ಲ. ಎಲ್ಲ ಮನುಷ್ಯರ ಬೇರು ಆಫ್ರಿಕಾದಲ್ಲಿದೆ. ಹೊರಗಿನವರ ಹೆಚ್ಚಿನ ಪೂರ್ವಜರು ಅಲ್ಲಿಂದ ಹೊರಟದ್ದು ಸುಮಾರು 60-70 ಸಾವಿರ ವರ್ಷದ ಹಿಂದೆ.

ದಮಾಮಿ (ಯಲ್ಲಾಪುರ)
ಅದನ್ನು ಓದಿದ ಮೇಲೇ ನಾನು ಸಮಾಧಾನ ಆದದ್ದು. ನೀವು ಬೇಗ ಬಂದಿರಿ. ನಮ್ಮವರನ್ನು ಪೋರ್ಚುಗೀಸರು ತಡವಾಗಿ ಹಿಡಿದು ತಂದರು. ಊರು ಒಂದೇ. ಒಬ್ಬನಿಂದಲೇ ಎಲ್ಲ ಜನಾಂಗಗಳನ್ನು ಉಂಟುಮಾಡಿದರು ಅಂತ ಪ್ರೇಷಿತರ ಕಾರ್ಯಗಳಲ್ಲಿ ಇದೆಯಲ್ಲ, ಮೇಷ್ಟ್ರು ಹೇಳಿದ್ದಕ್ಕೂ ಅದಕ್ಕೂ ನನಗೆ ಜಗಳ ಕಾಣುವುದಿಲ್ಲ. ಜಗಳ ಇರುವುದು ಆ ಗೋಡೆ ಚಿತ್ರದ ಜೊತೆ.

ಕಾಳಿದಂಡೆ (ಕಾರವಾರ)
ದಮಾಮಿ ಅವರೇ, ಇದನ್ನು ಮಗಳಿಗೆ ಓದಿ ಹೇಳಿದೆ. ಅವಳ ಪುಸ್ತಕದಲ್ಲೂ ಅಂಥದ್ದೇ ಚಿತ್ರ ಇದೆಯಾ ಅಂತ ಹುಡುಕುತ್ತಿದ್ದಾಳೆ.

ಕಪ್ಪೆ ಹುಡುಕ (ಸಿದ್ದಾಪುರ)
ತಡವಾಗಿ ಬಂದೆ. ವಚನವೇ ದೀಪ ಅವರು ಕತ್ತಲೇಕಾನಿನ ಸಿಂಗಳೀಕ ಕೇಳಿದರು, ನಾನು ಅಲ್ಲಿಯದೇ ಕಪ್ಪೆ ಕೇಳುತ್ತೇನೆ. ರಾಂಪತ್ರೆ ಜಡ್ಡಿಯ (ರಾಂಪತ್ರೆ ಮರಗಳ ಜೌಗು ಕಾಡು) ಹಳ್ಳದಲ್ಲಿ ಕುಂಬಾರ ಕಪ್ಪೆ ಇದೆ. 2014ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿತು, ಆ ಹೆಸರಿನಲ್ಲೂ ಕುಂಬಾರನೇ ಇದ್ದಾನೆ. ಹೆಣ್ಣು ನೀರಿನ ಮೇಲಿನ ಕಡ್ಡಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. ಗಂಡು ಹಳ್ಳದ ತಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ, ಹಿಂಗಾಲಿನ ಮೇಲೆ ಎದ್ದು ನಿಂತು, ಮೊಟ್ಟೆಗೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿ ನೋಡಬೇಕು.

ಇದರ ಕುಲದ ಕಪ್ಪೆಗಳು ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಎಲ್ಲೂ ಇಲ್ಲ. ನೋಹನ ನಾವೆ ನಿಂತದ್ದು ಅರರಾಟ್ ಬೆಟ್ಟದಲ್ಲಿ. ಅಲ್ಲಿಂದ ಸಿದ್ದಾಪುರದವರೆಗೆ, ಮರುಭೂಮಿ ದಾಟಿ, ದಾರಿಯಲ್ಲಿ ಒಂದೇ ಒಂದು ನೆಂಟನನ್ನೂ ಬಿಡದೆ ಹೇಗೆ ಬಂತು?

ವಚನವೇ ದೀಪ (ದಾಂಡೇಲಿ)
ದೇವರು ತಂದರು ಅಂತ ಹೇಳುತ್ತೇನೆ, ನೀವು ನಗುತ್ತೀರಿ. ಕಪ್ಪೆಯ ಬಗ್ಗೆ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದರೆ ರೋಮಾ 5ಕ್ಕೆ ಸಿಕ್ಕ ಉತ್ತರದಿಂದ ನನಗೆ ತೃಪ್ತಿಯಾಗಿಲ್ಲ. ಅಕ್ಕಾ, ಮಗಳಿಗೆ ಏನೇ ಹೇಳಿ, ಆ ಅಧ್ಯಾಯ ಮಾತ್ರ ಬಿಡದೆ ಓದಿಸಿ.

ಕಾಳಿದಂಡೆ (ಕಾರವಾರ)
ಖಂಡಿತ ಓದಿಸುತ್ತೇನೆ. ಚಿಕ್ಕವರ ಕ್ಲಾಸಿನಲ್ಲಿ ಇನ್ನು ಮುಂದೆ "ಹೀಗೇ ನಡೆಯಿತು" ಅಂತ ಹೇಳುವುದಿಲ್ಲ, "ಬೈಬಲ್ ಹೀಗೆ ಹೇಳುತ್ತದೆ, ಯಾರು ಮಾಡಿದರು ಅನ್ನುವುದನ್ನು ಹೇಳುತ್ತದೆ" ಅನ್ನುತ್ತೇನೆ. ಮಗಳ ಜೊತೆ ಆ ಎರಡು ಅಧ್ಯಾಯ ಅಕ್ಕಪಕ್ಕ ಇಟ್ಟು ಕೂರುತ್ತೇನೆ. ಆದಾಮ ಒಬ್ಬನಾ ಸಾವಿರ ಜನರಾ ಅಂತ ಅವಳು ಕೇಳಿದರೆ ಸೆಮಿನರಿಯವರ ಅಂಗಡಿಗೇ ಕರೆದುಕೊಂಡು ಬರುತ್ತೇನೆ.

ಕ್ಲಾಸಿನ ಹುಡುಗನೊಬ್ಬ ಡೈನೋಸಾರ್ ಯಾವ ದಿನ ಅಂತ ಕೇಳಿದ್ದಾನೆ. ಅದು ಬೇರೆ ಇದೆ.

ಸೆಮಿನರಿ ಬಿಟ್ಟವ (ಹೊನ್ನಾವರ)
ಬನ್ನಿ ಬನ್ನಿ. ಸೋಮವಾರ ಬೇಡ, ಅವತ್ತು ಲೋಡ್ ಬರುತ್ತದೆ.

ಪುರಾವೆ ಕೊಡಿ (ಕಾರವಾರ)
ಆ ಹುಡುಗನ ನಂಬರ್ ಕೊಡಿ.

ಬೆಟ್ಟದ ಭಟ್ಟ (ಶಿರಸಿ)
ಗಜನಿ ಗದ್ದೆಯವರೇ, ಕಗ್ಗದ ಅಕ್ಕಿ ಮಾರುತ್ತೀರಾ? ಗಂಜಿಗೆ ಭಾರಿ ಚಲೋ ಅಂತ ಕೇಳಿದ್ದೆ. ಶಿರಸಿಗೆ ಬಸ್ಸಿಗೆ ಹಾಕಿಕೊಡಲು ಆಗುತ್ತದಾ?

ಗಜನಿ ಗದ್ದೆ (ಮಾಣಿಕಟ್ಟಾ)
ಒಡ್ಡು ಒಡೆದು ಹೋದ ಸಲ ಬಂದದ್ದೇ ಕಮ್ಮಿ. ಮನೆಗೆ ಇಟ್ಟದ್ದರಲ್ಲಿ ಸ್ವಲ್ಪ ಕೊಡಬಹುದು, ಮೆಸೇಜ್ ಮಾಡಿ.

ಕಾಳಿದಂಡೆ (ಕಾರವಾರ)
ಕಪ್ಪೆ ಹುಡುಕ ಅವರೇ, ಆ ಕುಂಬಾರ ಕಪ್ಪೆ ನೋಡಲು ಮಗಳನ್ನು ಕರೆತಂದರೆ ತೋರಿಸುತ್ತೀರಾ? ಈಗಲೇ ಹಟ ಶುರುವಾಗಿದೆ.

ಕಪ್ಪೆ ಹುಡುಕ (ಸಿದ್ದಾಪುರ)
ಮಳೆ ಹಿಡಿದ ಮೇಲೆ ಬನ್ನಿ. ಕಾಡು ಇಲಾಖೆಯ ಅನುಮತಿ ನಾನು ಕೇಳಿಡುತ್ತೇನೆ. ಉದ್ದ ಕಾಲುಚೀಲ, ಸುಣ್ಣ, ಹೊಗೆಸೊಪ್ಪು ತನ್ನಿ. ಉಂಬಳ ಮಾತ್ರ ಕ್ಯಾಥೊಲಿಕ್, ಪೆಂತೆಕೋಸ್ತ್ ಅಂತ ನೋಡುವುದಿಲ್ಲ.

ಪುರಾವೆ ಕೊಡಿ (ಕಾರವಾರ)
ನಾಸ್ತಿಕರನ್ನೂ ಬಿಡುವುದಿಲ್ಲ, ಹೋದ ವರ್ಷ ನೋಡಿದ್ದೇನೆ. ಗಾಡಿಯಲ್ಲಿ ಒಂದು ಸೀಟು ನನಗೂ ಇರಲಿ.